ತೆಂಗಿನ ಮರವೇರುವ ಕಸುಬು: ಅರಿವು, ಸಲಕರಣೆ ಮತ್ತು ಆಸರೆ (ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯನ್ನು ಅನುಲಕ್ಷಿಸಿ)

1. ಪೀಠಿಕೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಬಯಲನ್ನು ‘ಕಲ್ಪತರು ನಾಡು’ ಎಂದು ಕರೆಯುವುದು ರೂಢಿ. ಕೆರೆಯ ಹಿಂದಿನ ತೋಟ, ಕೊಳವೆಬಾವಿಯ ತೋಟ, ಹೇಮಾವತಿ ನಾಲೆಯ ನೀರು ಕಂಡ ತೋಟ ಹೀಗೆ ನೀರಿನ ಮೂಲ ಬೇರೆ ಬೇರೆಯಾದರೂ ಈ ಸೀಮೆಯ ಮನೆವಾರ್ತೆ ತೆಂಗಿನ ಮರದ ಸುತ್ತಲೇ ತಿರುಗುತ್ತದೆ. ತೆಂಗನ್ನು ಕುರಿತ ಸಾರ್ವಜನಿಕ ಚರ್ಚೆ ಮಾತ್ರ ಬಹುಮಟ್ಟಿಗೆ ಬೆಲೆ, ನೀರು ಮತ್ತು ರೋಗ ಎಂಬ ಮೂರು ವಿಷಯಗಳಿಗೆ ಸೀಮಿತವಾಗಿದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಪಡಿಸಿತು. ಇಂಥ ಬೆಲೆ ಸಾಕೇ ಸಾಲದೇ ಎಂದು ಲೆಕ್ಕ ಹಾಕುವಾಗ ಗೊಬ್ಬರ, ಉಳುಮೆ, ಕಾಯಿ ಸುಲಿಯುವ ಕೂಲಿ, ಸಾಗಣೆ ಇವೆಲ್ಲಕ್ಕೂ ಒಂದೊಂದು ಸ್ಥಾನ ಸಿಗುತ್ತದೆ. ಆದರೆ ಕಾಯಿ ಮರದ ತಲೆಯಿಂದ ನೆಲಕ್ಕೆ ಬರುವ ನಡುವೆ ಒಬ್ಬ ಮನುಷ್ಯ ತನ್ನ ಜೀವವನ್ನೇ ಪಣಕ್ಕಿಟ್ಟಿರುತ್ತಾನೆ ಎಂಬ ಸಂಗತಿಗೆ ಆ ಲೆಕ್ಕದಲ್ಲಿ ಸ್ಥಾನವಿಲ್ಲ.

ಮರವೇರುವವನ ಸುರಕ್ಷತೆ ಮೂರು ನೆಲೆಗಳಲ್ಲಿ ನಿಂತಿದೆ. ಮೊದಲನೆಯದು ಅರಿವು, ಎಂದರೆ ಮರವನ್ನೂ ಗಾಳಿಮಳೆಯನ್ನೂ ತನ್ನ ದೇಹವನ್ನೂ ಬಲ್ಲ ತಿಳಿವಳಿಕೆ. ಎರಡನೆಯದು ಸಲಕರಣೆ. ಮೂರನೆಯದು ಆಸರೆ, ಎಂದರೆ ಏರುವವನ ವಿಷಯದಲ್ಲಿ ನೆಲದ ಮೇಲೆ ನಿಂತವರು ಹೊರಬೇಕಾದ ಹೊಣೆ. ಪರಂಪರೆಯು ಅರಿವನ್ನು ಬೆಳೆಸಿತು. ಆಧುನಿಕ ಕಾಲ ಸಲಕರಣೆಯನ್ನು ಒದಗಿಸಿತು. ಆಸರೆ ಮಾತ್ರ ಎರಡೂ ಕಾಲಗಳಲ್ಲಿ ದುರ್ಬಲವಾಗಿಯೇ ಉಳಿಯಿತು. ಈ ಮೂರರ ಸಂಬಂಧವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಬೇಟೆ, ಜೇನು ಮತ್ತು ತೋಟ

ಮನುಷ್ಯನು ಮರವೇರಿದ್ದು ಆಹಾರಕ್ಕಾಗಿ. ಹಣ್ಣು, ಜೇನು ಮತ್ತು ಬೇಟೆ ಅವನನ್ನು ಮೇಲಕ್ಕೆ ಕರೆದವು. ಬೇಟೆಗಾರ ಮರದ ಮೇಲೆ ಅಟ್ಟಣೆ ಕಟ್ಟಿ ಪ್ರಾಣಿಯ ದಾರಿ ಕಾಯುತ್ತಿದ್ದ. ಬೇಟೆ ನಮ್ಮ ಸಾಹಿತ್ಯದಲ್ಲಿ ವೈಭವದಿಂದ ದಾಖಲಾಗಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಬೇಟೆಯು ರಾಜವಿನೋದಗಳಲ್ಲಿ ಒಂದಾಗಿದೆ; ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಬೇಟೆಯ ಪ್ರಸಂಗಕ್ಕೆ ವಿಸ್ತಾರವಾದ ಎಡೆಯುಂಟು. ಅರಸನ ವಿನೋದಕ್ಕೆ ದೊರೆತ ಈ ಎಡೆ ಹೊಟ್ಟೆಪಾಡಿಗಾಗಿ ಮರವೇರಿದವನ ಕುಶಲತೆಗೆ ದೊರೆಯಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಗಾಗಿ ಮರವೇರುವುದು ಕಾನೂನಿನ ಹೊರಗಾಯಿತು. ಆದರೆ ಏರುವ ವಿದ್ಯೆ ಉಳಿದುಕೊಂಡಿತು. ಸೋಲಿಗರು ಮತ್ತು ಜೇನುಕುರುಬರು ಹೆಜ್ಜೇನಿಗಾಗಿ ಎತ್ತರದ ಕಾಡುಮರಗಳನ್ನು ಏರುತ್ತ ಬಂದಿದ್ದಾರೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊನೆ ಕೊಯ್ಯುವವನಿಗೆ ‘ಕೊನೆಗೌಡ’ ಎಂಬ ಹೆಸರೇ ಇದೆ. ಬಯಲುಸೀಮೆಯಲ್ಲಿ ಈ ವಿದ್ಯೆ ಉಳಿದಿರುವುದು ಮುಖ್ಯವಾಗಿ ತೆಂಗಿನ ತೋಟದಲ್ಲಿ. ಕಾಡುಮರಕ್ಕೆ ಕೊಂಬೆಗಳಿರುತ್ತವೆ, ಕಾಲಿಡಲು ಕವಲು, ಹಿಡಿಯಲು ರೆಂಬೆ ಸಿಗುತ್ತದೆ. ತೆಂಗು ಕವಲಿಲ್ಲದ ಮರ. ಬುಡದಿಂದ ಸುಳಿಯವರೆಗೆ ನಡುವೆ ನಿಂತು ಸುಧಾರಿಸಿಕೊಳ್ಳಲು ಒಂದು ಕೊಂಬೆಯೂ ಇಲ್ಲ. ಆದ್ದರಿಂದ ತೆಂಗನ್ನು ಏರುವ ಕಲೆ ಬೇರೆಲ್ಲ ಮರಗಳನ್ನು ಏರುವ ಕಲೆಗಿಂತ ಭಿನ್ನವೂ ಕಠಿಣವೂ ಆಗಿದೆ.

ಅಪಾಯದ ಅಳತೆಯನ್ನು ಭೌತಶಾಸ್ತ್ರದ ಸರಳ ಲೆಕ್ಕದಿಂದಲೇ ತಿಳಿಯಬಹುದು. 50 ಅಡಿ ಎತ್ತರದಿಂದ ಬಿದ್ದ ದೇಹ 2 ಸೆಕೆಂಡು ತುಂಬುವುದರೊಳಗೆ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ 60 ಕಿಲೋಮೀಟರಿಗೂ ಹೆಚ್ಚು. ಬೀಳತೊಡಗಿದ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ರಕ್ಷಣೆ ಎಂಬುದೆಲ್ಲ ಬೀಳುವ ಮೊದಲೇ ಆಗಿರಬೇಕು.

3. ಉಂಡೆ ಕೊಬ್ಬರಿಯ ಸೀಮೆ

ಈ ಮೂರು ತಾಲ್ಲೂಕುಗಳ ತೆಂಗು ಉಂಡೆ ಕೊಬ್ಬರಿಗೆ ಹೆಸರಾಗಿದೆ. ಉಂಡೆ ಕೊಬ್ಬರಿಗೆ 11ರಿಂದ 12 ತಿಂಗಳು ಮರದಲ್ಲಿಯೇ ಪೂರ್ಣ ಬಲಿತ ಕಾಯಿ ಬೇಕು. ಅಂಥ ಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೆ ಹಾಕಿ 8ರಿಂದ 12 ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಸದ್ದು ಮಾಡುತ್ತದೆ. ಆಮೇಲೆ ಸುಲಿದು, ಚಿಪ್ಪು ಒಡೆದು, ಇಡಿಯ ಉಂಡೆಯನ್ನು ಹೊರತೆಗೆಯುತ್ತಾರೆ.

ಈ ಉತ್ಪಾದನಾ ಕ್ರಮ ಏರುವವನ ಕೆಲಸದ ಸ್ವರೂಪವನ್ನೂ ರೂಪಿಸಿದೆ. ಬಲಿತ ಕಾಯಿಗೆ ಕಾಯುವ ತೋಟದಲ್ಲಿ ಮರದ ತಲೆಯ ಮೇಲೆ ಒಣಗತೊಡಗಿದ ಗೊನೆ, ಒಣ ಗರಿ, ಹಳೆಯ ಹೊಂಬಾಳೆಯ ಸೋಗೆ ಒಟ್ಟಾಗಿರುತ್ತವೆ. ತೊಟ್ಟು ಸಡಿಲಗೊಂಡ ಕಾಯಿ ಯಾವ ಗಳಿಗೆಯಲ್ಲಾದರೂ ಕಳಚಬಹುದು. ತಾನಾಗಿ ಉದುರಿದ ಕಾಯಿಯನ್ನು ಆಯ್ದುಕೊಳ್ಳುವಲ್ಲಿ ಏರುವ ಅಪಾಯ ತಪ್ಪುತ್ತದೆ. ಆದರೆ ಅಲ್ಲಿ ಅಪಾಯ ಮರದಡಿಯಲ್ಲಿ ಓಡಾಡುವವರ ತಲೆಗೆ ವರ್ಗಾವಣೆಯಾಗುತ್ತದೆ. ಎಳನೀರಿನ ಮಾರಾಟ ಸೇರಿಕೊಂಡ ತೋಟದಲ್ಲಿ ಇನ್ನೊಂದು ಬಗೆಯ ಕೆಲಸವಿದೆ. ಎಳೆಯ ಗೊನೆಯನ್ನು ಕೆಳಕ್ಕೆ ಎಸೆದರೆ ಒಡೆದುಹೋಗುತ್ತದೆ. ಅದನ್ನು ಹಗ್ಗಕ್ಕೆ ಕಟ್ಟಿ ನಿಧಾನವಾಗಿ ಬಿಡಬೇಕು. ಹೀಗೆ ಏರುವವನು ಬಲಿತ ಕಾಯಿಗೆ ಒಂದು ಕ್ರಮವನ್ನೂ ಎಳನೀರಿಗೆ ಇನ್ನೊಂದನ್ನೂ ಅನುಸರಿಸಬೇಕಾಗುತ್ತದೆ.

4. ಕಸುಬಿನ ನುಡಿ

ಕಸುಬಿನ ತಿಳಿವಳಿಕೆ ಪುಸ್ತಕದಲ್ಲಿ ದಾಖಲಾಗದಿದ್ದರೂ ನುಡಿಯಲ್ಲಿ ದಾಖಲಾಗಿರುತ್ತದೆ. ‘ಕಾಯಿ ಕೀಳುವುದು’, ‘ಕಾಯಿ ಕೆಡವುವುದು’, ‘ಎಳನೀರು ಇಳಿಸುವುದು’ ಎಂಬ ಪ್ರಯೋಗಗಳನ್ನು ಗಮನಿಸಬಹುದು. ಮೇಲುನೋಟಕ್ಕೆ ಮೂರೂ ಒಂದೇ ಕೆಲಸವನ್ನು ಹೇಳುವಂತೆ ಕಂಡರೂ ಇವುಗಳ ನಡುವೆ ವ್ಯತ್ಯಾಸವಿದೆ. ‘ಕೀಳು’ ಎಂಬುದು ಮೇಲಿರುವವನ ಕೈಯ ಕ್ರಿಯೆಯನ್ನು ಹೇಳುತ್ತದೆ. ‘ಕೆಡವು’ ಎಂಬುದು ಕಾಯಿ ನೆಲಕ್ಕೆ ಅಪ್ಪಳಿಸುವುದನ್ನು ಹೇಳುತ್ತದೆ; ಈ ಮಾತು ಕಿವಿಗೆ ಬಿದ್ದೊಡನೆ ಮರದ ಸುತ್ತಲಿನ ನೆಲ ಅಪಾಯದ ನೆಲವಾಗುತ್ತದೆ. ‘ಇಳಿಸು’ ಎಂಬುದರಲ್ಲಿ ಹಗ್ಗವೂ ಕೆಳಗೆ ನಿಂತು ಅದನ್ನು ನೋಡಿಕೊಳ್ಳುವ ಇನ್ನೊಬ್ಬ ಮನುಷ್ಯನೂ ಅಡಗಿದ್ದಾರೆ. ಒಂದೊಂದು ಕ್ರಿಯಾಪದವೂ ಕೆಲಸದ ಕ್ರಮದ ಜೊತೆಗೆ ಅಪಾಯದ ಸ್ಥಾನವನ್ನೂ ಸೂಚಿಸುತ್ತದೆ.

ಮರದ ಭಾಗಗಳ ಹೆಸರುಗಳೂ ಹೀಗೆಯೇ. ಸುಳಿ, ಹೊಂಬಾಳೆ, ಗೊನೆ, ಗರಿ, ಮಟ್ಟೆ ಎಂಬವು ಏರುವವನಿಗೆ ಹಿಡಿತದ ಜಾಗಗಳ ಪಟ್ಟಿಯೂ ಹೌದು. ‘ಮಟ್ಟೆ’ ಎಂಬ ಪದಕ್ಕೆ ಬಳಕೆಯಲ್ಲಿ ಎರಡು ಅರ್ಥಗಳಿವೆ: ಗರಿಯ ದಪ್ಪ ದಂಡು ಒಂದು, ಕಾಯಿಯ ಮೇಲಿನ ನಾರಿನ ಸಿಪ್ಪೆ ಇನ್ನೊಂದು. ನೆಲದ ಮೇಲಿನವನಿಗೆ ಎರಡೂ ಉರುವಲು ಅಥವಾ ನಾರಿನ ಮೂಲ. ಮರದ ಮೇಲಿರುವವನಿಗೆ ಮೊದಲನೆಯದು ಜೀವದ ಆಧಾರ. ಹಸಿರು ಮಟ್ಟೆ ಮನುಷ್ಯನ ಭಾರ ತಡೆಯುತ್ತದೆ. ಒಣಗಿದ ಮಟ್ಟೆ ನೋಡಲು ಗಟ್ಟಿಯಾಗಿದ್ದರೂ ಬುಡದಲ್ಲಿ ಕಳಚಿಕೊಂಡು ಕೈಗೇ ಬರುತ್ತದೆ. ‘ಒಣ ಮಟ್ಟೆ ಹಿಡಿಯಬೇಡ’ ಎಂಬ ತಿಳಿವಳಿಕೆ ಈ ಕಸುಬಿನ ಮೊದಲ ಪಾಠ.

5. ಮರವನ್ನು ಓದುವ ಬಗೆ

ಅನುಭವಿಯಾದವನು ಏರುವ ಮೊದಲು ಮರವನ್ನು ಒಂದು ಸುತ್ತು ನೋಡುತ್ತಾನೆ. ಈ ನೋಟದಲ್ಲಿ ಹಲವು ಪರೀಕ್ಷೆಗಳು ಅಡಕವಾಗಿವೆ.

ಮೊದಲನೆಯದು ಬುಡದ ಪರೀಕ್ಷೆ. ಅಣಬೆ ರೋಗ ಬೇರು ಮತ್ತು ಬುಡವನ್ನು ಒಳಗಿನಿಂದ ಕೊಳೆಸುತ್ತದೆ. ಬುಡದಲ್ಲಿ ಕಂದು ಬಣ್ಣದ ರಸ ಸೋರಿದ ಕಲೆ, ಅಣಬೆಯ ಬೆಳವಣಿಗೆ, ಬಾಡಿ ಜೋತುಬಿದ್ದ ಕೆಳಗರಿಗಳು ಇದರ ಸೂಚನೆಗಳು. ಇಂಥ ಮರಕ್ಕೆ ಹೊರಗಣ ಗಟ್ಟಿತನ ಉಳಿದಿದ್ದರೂ ಒಳಗೆ ಬಲವಿರುವುದಿಲ್ಲ. ಎರಡನೆಯದು ಕಾಂಡದ ಪರೀಕ್ಷೆ. ಬರಗಾಲದ ಅಥವಾ ಆರೈಕೆಯಿಲ್ಲದ ವರ್ಷಗಳಲ್ಲಿ ಬೆಳೆದ ಭಾಗ ಕಿರಿದಾಗಿ, ಒಳ್ಳೆಯ ವರ್ಷಗಳಲ್ಲಿ ಬೆಳೆದ ಭಾಗ ದಪ್ಪವಾಗಿ, ಕಾಂಡವೇ ತೋಟದ ಚರಿತ್ರೆಯಾಗಿ ನಿಂತಿರುತ್ತದೆ. ತುದಿಯತ್ತ ಬರಬರುತ್ತ ಸಣಕಲಾದ ಮರ ಸೊರಗಿದ ಮರ. ಕೆಂಪು ಮೂತಿ ಹುಳು ಕೊರೆದ ತೂತು, ಅಲ್ಲಿಂದ ಹೊರಬಿದ್ದ ನಾರಿನ ಪುಡಿ, ತಟ್ಟಿದಾಗ ಕೇಳಿಸುವ ಟೊಳ್ಳು ಸದ್ದು ಇವೆಲ್ಲ ‘ಈ ಮರ ಬೇಡ’ ಎನ್ನುವ ಗುರುತುಗಳು. ಏರಲು ಅನುಕೂಲವೆಂದು ಕಾಂಡಕ್ಕೆ ಕಚ್ಚು ಹಾಕುವುದರಿಂದ ರೋಗಕ್ಕೂ ಹುಳುವಿಗೂ ದಾರಿ ಮಾಡಿಕೊಟ್ಟಂತಾಗುತ್ತದೆ. ಇಂದಿನ ಅನುಕೂಲಕ್ಕಾಗಿ ಹಾಕಿದ ಕಚ್ಚು ಮುಂದೆ ಅದೇ ಮರವನ್ನು ಏರಬಾರದ ಮರವಾಗಿಸಬಹುದು.

ಮೂರನೆಯದು ತಲೆಯ ಪರೀಕ್ಷೆ. ಕಣಜದ ಗೂಡು, ಜೇನು, ಇಲಿಯ ಗೂಡು, ಅದನ್ನು ಅರಸಿ ಬರುವ ಹಾವು ಇವು ಸುಳಿಯ ಸುತ್ತ ಇರಬಹುದಾದ ನೆರೆಹೊರೆ. ಕಣಜ ಕಚ್ಚಿದಾಗ ಕೈ ತಾನಾಗಿಯೇ ಮುಖದ ಕಡೆ ಹೋಗುತ್ತದೆ. ಆ ಕ್ಷಣದಲ್ಲಿ ಹಿಡಿತ ತಪ್ಪುತ್ತದೆ. ನಾಲ್ಕನೆಯದು ಸುತ್ತಲಿನ ಪರೀಕ್ಷೆ. ಕೊಳವೆಬಾವಿಗಳ ಈ ಸೀಮೆಯಲ್ಲಿ ತೋಟದ ನಡುವೆಯೇ ವಿದ್ಯುತ್ ತಂತಿ ಹಾದಿರುವುದು ಸಾಮಾನ್ಯ. ಗಾಳಿಗೆ ತೂಗಿದ ಗರಿ ತಂತಿಗೆ ತಾಗುವಂತಿದ್ದರೆ ಆ ಮರವನ್ನು ಬಿಡಬೇಕು. ಇಲ್ಲವೇ ವಿದ್ಯುತ್ ಕಡಿತವನ್ನು ಖಚಿತಪಡಿಸಿಕೊಂಡ ಮೇಲೆಯೇ ಮುಟ್ಟಬೇಕು.

ಕಾಲದ ಅರಿವೂ ಇದರೊಳಗೆ ಸೇರುತ್ತದೆ. ಮಳೆ ಬಿದ್ದ ಮರದ ಮೈ ಪಾಚಿಯಿಂದ ಜಾರುತ್ತದೆ. ಆಷಾಢದ ಗಾಳಿಯಲ್ಲಿ ಮರದ ತಲೆ ತೂಗುವ ಪ್ರಮಾಣ ಕೆಳಗೆ ನಿಂತವನಿಗೆ ಕಾಣುವುದಕ್ಕಿಂತ ಹೆಚ್ಚು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಬೆವರಿದ ಅಂಗೈ ಹಿಡಿತ ಕಳೆದುಕೊಳ್ಳುತ್ತದೆ. ಸಿಡಿಲಿನ ಮೋಡ ಕಂಡರೆ ಏರುವ ಮಾತೇ ಇಲ್ಲ.

6. ಹಗ್ಗ ಮತ್ತು ದೇಹ

ಸಾಂಪ್ರದಾಯಿಕ ಏರಿಕೆಯ ಸಲಕರಣೆ ಅತ್ಯಂತ ಸರಳ: ಕಾಲುಗಳಿಗೆ ಒಂದು ಹಗ್ಗದ ಬಳೆ, ಸೊಂಟಕ್ಕೆ ಒಂದು ಮಚ್ಚು. ಕರಾವಳಿ ಮತ್ತು ಮಲೆನಾಡಿನಲ್ಲಿ ಕಾಲಿನ ಬಳೆಗೆ ‘ತಳೆ’ ಎನ್ನುತ್ತಾರೆ. ಮಲಯಾಳದ ‘ತಳಪ್ಪ್’ ಇದರ ನೆರೆಯ ಪದ. ಎರಡೂ ಪಾದಗಳನ್ನು ಬಳೆಯೊಳಗೆ ಸೇರಿಸಿ, ಅಂಗಾಲುಗಳನ್ನು ಕಾಂಡದ ಎರಡು ಪಕ್ಕಗಳಿಗೆ ಒತ್ತಿದಾಗ ಬಳೆ ಬಿಗಿಯಾಗಿ ಪಾದಗಳು ಅಗಲವಾಗದಂತೆ ತಡೆಯುತ್ತದೆ. ದೇಹದ ಭಾರವೇ ಬಳೆಯನ್ನು ಬಿಗಿಗೊಳಿಸುತ್ತದೆ. ಆ ಬಿಗಿಯೇ ಭಾರವನ್ನು ಹೊರುತ್ತದೆ. ಕೈಗಳು ಕಾಂಡವನ್ನು ತಬ್ಬಿ ಮೇಲೆ ಸರಿಯುವಾಗ ಕಾಲುಗಳು ನಿಂತಿರುತ್ತವೆ. ಕಾಲುಗಳು ಮೇಲೆ ಬರುವಾಗ ಕೈಗಳು ಹಿಡಿದಿರುತ್ತವೆ. ಒಮ್ಮೆಗೆ ಒಂದೇ ಜೋಡಿ ಚಲಿಸಬೇಕೆಂಬುದು ಇಲ್ಲಿನ ನಿಯಮ.

ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನ ಕಾಯಕ ಹುಲ್ಲಿನಿಂದ ಹಗ್ಗ ಹೊಸೆಯುವುದಾಗಿತ್ತು. ಹೊಸೆಯುವವನ ನಿಷ್ಠೆ ಹಗ್ಗವನ್ನು ನಂಬಿದವನ ಜೀವಕ್ಕೆ ನೇರವಾಗಿ ಸಂಬಂಧಿಸಿದೆ ಎಂಬುದು ಮರವೇರುವ ಕಸುಬಿನಲ್ಲಿ ಅಕ್ಷರಶಃ ನಿಜ. ನಾರಿನ ಹಗ್ಗ ಒಳಗಿನಿಂದ ಸವೆಯುತ್ತದೆ, ತೇವಕ್ಕೆ ಮುಗ್ಗುತ್ತದೆ. ಆದ್ದರಿಂದ ಏರುವ ಮೊದಲು ಬಳೆಯನ್ನು ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ ಪೂರ್ಣ ಭಾರ ಹಾಕಿ ಪರೀಕ್ಷಿಸುವುದು ಅವಶ್ಯಕ. ಮಚ್ಚನ್ನು ಕೈಯಲ್ಲಿ ಹಿಡಿದು ಏರಬಾರದು. ಸೊಂಟದ ಹಿಂಭಾಗದಲ್ಲಿ, ಅಲಗು ಮೈಗೆ ತಾಗದಂತೆ ಸಿಕ್ಕಿಸಿಕೊಳ್ಳಬೇಕು.

ಅತ್ಯಂತ ಅಪಾಯದ ಘಟ್ಟವೆಂದರೆ ಕಾಂಡದಿಂದ ತಲೆಗೆ ದಾಟುವ ಗಳಿಗೆ. ಅಲ್ಲಿಯವರೆಗೆ ಕಾಂಡವನ್ನು ತಬ್ಬಿದ್ದ ಕೈ ಈಗ ಮಟ್ಟೆಯನ್ನು ನಂಬಬೇಕಾಗುತ್ತದೆ. ದಣಿವೂ ಆಗ ಹೆಚ್ಚಾಗಿರುತ್ತದೆ. ಇಳಿಯುವಾಗಲೂ ಇದೇ ಗಳಿಗೆ ಮರಳಿ ಬರುತ್ತದೆ. ಕೆಲಸ ಮುಗಿಯಿತೆಂಬ ಭಾವ ಎಚ್ಚರವನ್ನು ಸಡಿಲಿಸುವುದರಿಂದ ಇಳಿಕೆಯನ್ನು ಏರಿಕೆಯಷ್ಟೇ ನಿಧಾನವಾಗಿ ಮಾಡಬೇಕು.

ಈ ವಿಧಾನದ ದೊಡ್ಡ ಕೊರತೆಯನ್ನೂ ಹೇಳಲೇಬೇಕು. ಕಾಲಿನ ಬಳೆ ಏರಲು ನೆರವಾಗುತ್ತದೆಯೇ ಹೊರತು ಬೀಳುವವನನ್ನು ಹಿಡಿಯುವುದಿಲ್ಲ. ಒಂದು ತಪ್ಪು ಸಂಭವಿಸಿದರೆ ಅದನ್ನು ತಡೆಯುವ ಎರಡನೆಯ ಕಟ್ಟು ಇಲ್ಲಿಲ್ಲ. ಸಾಂಪ್ರದಾಯಿಕ ಜ್ಞಾನವನ್ನು ಗೌರವಿಸುವ ಭರದಲ್ಲಿ ಈ ಸತ್ಯವನ್ನು ಮರೆತರೆ ಗೌರವವು ಕ್ರೌರ್ಯವಾಗಿ ಪರಿಣಮಿಸುತ್ತದೆ.

7. ಯಂತ್ರ ತಂದ ಬದಲಾವಣೆ

ಏರುವವರ ಸಂಖ್ಯೆ ಕುಗ್ಗತೊಡಗಿದಂತೆ ಯಂತ್ರಗಳು ಬಂದವು. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಎಂಬ ಕೃಷಿಕ ರೂಪಿಸಿದ ಏರುವ ಸಾಧನ ದಕ್ಷಿಣ ಭಾರತದಲ್ಲೆಲ್ಲ ಹರಡಿತು. ಇದರಲ್ಲಿ ಎರಡು ಕಬ್ಬಿಣದ ಚೌಕಟ್ಟುಗಳಿದ್ದು, ಒಂದೊಂದೂ ಉಕ್ಕಿನ ತಂತಿಹಗ್ಗದಿಂದ ಮರವನ್ನು ಸುತ್ತುವರಿಯುತ್ತದೆ. ಎರಡರ ಮೇಲೆ ಎರಡು ಪಾದಗಳನ್ನಿಟ್ಟು ಮೆಟ್ಟಿಲು ಹತ್ತುವಂತೆ ಒಂದಾದ ಮೇಲೊಂದನ್ನು ಎತ್ತುತ್ತ ಏರಬೇಕು. ಇದರ ಮೊದಲ ಮಾದರಿ ಕಾಲಿಗೆ ಮಾತ್ರ ಆಧಾರ ಕೊಡುತ್ತಿತ್ತು. ಮೈ ಹಿಂದಕ್ಕೆ ವಾಲಿದರೆ ತಡೆಯುವಂಥದೇನೂ ಇರಲಿಲ್ಲ. ಈ ಕೊರತೆಯನ್ನು ಗಮನಿಸಿ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭಗೊಂಡ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯು ಪ್ರತ್ಯೇಕ ಸುರಕ್ಷಾ ಜೋಡಣೆಯನ್ನು ರೂಪಿಸಿತು. ಏರುವವನ ದೇಹಕ್ಕೆ ಕಟ್ಟಿದ ಪಟ್ಟಿಯನ್ನು ಮರಕ್ಕೆ ಬಂಧಿಸುವ ಎರಡನೆಯ ಕಟ್ಟು ಹೀಗೆ ಬಂದಿತು. ಇದನ್ನು ಬಿಟ್ಟು ಯಂತ್ರವನ್ನಷ್ಟೇ ಬಳಸುವವನು ಯಂತ್ರದ ಅರ್ಧ ಪ್ರಯೋಜನವನ್ನು ಮಾತ್ರ ಪಡೆದಂತೆ.

ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ಅರ್ಥದ ಹೆಸರಿನಲ್ಲಿ ತರಬೇತಿ ಕಾರ್ಯಕ್ರಮವನ್ನು ಆರಂಭಿಸಿ, ಯುವಜನರಿಗೆ ಯಂತ್ರದ ಬಳಕೆಯನ್ನು ಕಲಿಸಿತು. ಕೇರಳದಲ್ಲಿ ಮಹಿಳೆಯರೂ ಈ ತರಬೇತಿ ಪಡೆದು ಮರವೇರಿದರು. ವಂಶದಿಂದ ಬಂದವರಿಗೆ, ಅದರಲ್ಲಿಯೂ ಗಂಡಸರಿಗೆ ಮಾತ್ರ ಸೇರಿದ್ದೆಂದು ಭಾವಿಸಲಾಗಿದ್ದ ಕಸುಬನ್ನು ಯಂತ್ರವು ಕಲಿಯಬಹುದಾದ ಕೌಶಲವನ್ನಾಗಿ ಮಾಡಿತು. ಇದು ಸಾಮಾಜಿಕವಾಗಿ ಸಣ್ಣ ಬದಲಾವಣೆಯಲ್ಲ.

ಆದರೆ ಯಂತ್ರಕ್ಕೂ ಮಿತಿಯಿದೆ. ಕಾಂಡ ಮೇಲೆ ಹೋದಂತೆ ಕಿರಿದಾಗುವುದರಿಂದ ತಂತಿಹಗ್ಗದ ಅಳತೆಯನ್ನು ಸರಿಹೊಂದಿಸಿಕೊಳ್ಳಬೇಕು; ಸಡಿಲಾದರೆ ಚೌಕಟ್ಟು ಜಾರುತ್ತದೆ. ಬಹಳ ಬಾಗಿದ ಮರಕ್ಕೆ ಇದು ಹೊಂದುವುದಿಲ್ಲ. ಯಂತ್ರದಲ್ಲಿರುವವನು ಗೊನೆಯ ಕೆಳಗೆ ನಿಂತು ಕೊಯ್ಯುತ್ತಾನೆಯೇ ಹೊರತು ತಲೆಯೊಳಕ್ಕೆ ದಾಟುವುದು ಕಡಿಮೆ. ಅಪಾಯದ ಘಟ್ಟ ಇದರಿಂದ ತಪ್ಪಿದರೂ ಒಣ ಗರಿ ತೆಗೆಯುವುದು, ಸುಳಿ ನೋಡುವುದು, ಹುಳುವನ್ನು ಆರಂಭದಲ್ಲಿಯೇ ಗುರುತಿಸುವುದು ಹಿಂದೆ ಬೀಳುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಕೊಳೆತ ಬುಡವನ್ನು ಯಂತ್ರ ಗುರುತಿಸಲಾರದು. ಮರವೇ ಮುರಿದರೆ ಮರಕ್ಕೆ ಕಟ್ಟಿದ ಪಟ್ಟಿ ಕಾಪಾಡದು. ಹಳಬನ ನೋಟ ಹೊಸಬನ ಪಟ್ಟಿಯೊಡನೆ ಸೇರಿದಾಗ ಮಾತ್ರ ಸುರಕ್ಷತೆ ಪೂರ್ಣವಾಗುತ್ತದೆ.

ನೆಲದಿಂದಲೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಇನ್ನೊಂದು ದಾರಿ. ಏರುವುದನ್ನೇ ತಪ್ಪಿಸುವುದು ಎಲ್ಲಕ್ಕಿಂತ ಉತ್ತಮ ರಕ್ಷಣೆ ಎಂಬ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುವ ವಸ್ತು. ತಂತಿಯ ಹತ್ತಿರ ಅದನ್ನು ಎತ್ತುವುದು ಪ್ರಾಣಾಪಾಯ. ಕೊಯ್ಯುವವನು ಗೊನೆಯ ನೇರ ಕೆಳಗೆ ನಿಲ್ಲಬಾರದು.

8. ನೆಲದ ಮೇಲಿನವರ ಹೊಣೆ

ಮೂರನೆಯ ನೆಲೆಯಾದ ಆಸರೆ ಇಲ್ಲಿಂದ ಆರಂಭವಾಗುತ್ತದೆ. ಒಂಟಿಯಾಗಿ ಯಾರೂ ಮರವೇರಬಾರದು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಬ್ಬರಿರಬೇಕು. ಕಾಯಿ ಕೆಡವುವಾಗ ಮಕ್ಕಳು, ದನಕರು, ಕಾಯಿ ಆಯುವ ಹೆಂಗಸರು ದೂರವಿರುವಂತೆ ನೋಡಿಕೊಳ್ಳುವುದು ತೋಟದವರ ಕೆಲಸ. ಸುರಕ್ಷಾ ಪಟ್ಟಿಯಲ್ಲಿ ಸಿಕ್ಕಿ ನೇತಾಡುತ್ತಿರುವವನನ್ನು ಬಹಳ ಹೊತ್ತು ಹಾಗೆಯೇ ಬಿಡುವುದೂ ಅಪಾಯ; ಅವನನ್ನು ಇಳಿಸಲು ಎರಡನೆಯ ಯಂತ್ರ ಅಥವಾ ಏಣಿ ಯಾರ ಬಳಿ ಇದೆ ಎಂಬುದು ಮೊದಲೇ ಗೊತ್ತಿರಬೇಕು.

ಬಿದ್ದವನ ವಿಷಯದಲ್ಲಿ ಹಳ್ಳಿಯ ಪ್ರೀತಿಯೇ ಕೆಲವೊಮ್ಮೆ ಕೇಡು ಮಾಡುತ್ತದೆ. ಕೈಕಾಲು ಹಿಡಿದು ಎತ್ತುವುದು, ಕೂರಿಸುವುದು, ನೀರು ಕುಡಿಸುವುದು, ಆಟೋದಲ್ಲಿ ಮಡಿಸಿ ಕೂರಿಸಿ ಸಾಗಿಸುವುದು ಸಾಮಾನ್ಯ. ಬೆನ್ನುಮೂಳೆ ಮುರಿದವನಲ್ಲಿ ಮೂಳೆಯ ತುಣುಕು ನರದ ಹುರಿಗೆ ತಾಗಿದರೆ ಜೀವನಪರ್ಯಂತ ಕಾಲು ಸ್ವಾಧೀನ ತಪ್ಪಬಹುದು. ಅವನನ್ನು ಅಲುಗಿಸದೆ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ನೋಡಿಕೊಂಡು 108ಕ್ಕೆ ಕರೆ ಮಾಡಬೇಕು. ಸಾಗಿಸಲೇಬೇಕಾದಾಗ ಹಲವರು ಸೇರಿ, ಒಟ್ಟಿಗೆ, ಅಗಲವಾದ ಹಲಗೆಯ ಮೇಲೆ ಮಲಗಿಸಬೇಕು.

ಆರ್ಥಿಕ ಆಸರೆಯ ಪ್ರಶ್ನೆ ಇನ್ನೂ ಜಟಿಲ. ಕಾನೂನಿಗೆ ಮರವೇರುವವನು ಅಪರಿಚಿತನಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿಯೇ ತಾಳೆ ಜಾತಿಯ ಮರಗಳಿಂದ ರಸ ಇಳಿಸುವವರ ಉಲ್ಲೇಖವಿತ್ತು. ಆದರೆ ಪರಿಹಾರ ಕೇಳಲು ಮಾಲೀಕ ಯಾರೆಂದು ತೋರಿಸಬೇಕು. ಬೆಳಿಗ್ಗೆ ಒಬ್ಬರ ತೋಟ, ಮಧ್ಯಾಹ್ನ ಇನ್ನೊಬ್ಬರ ತೋಟ, ನಡುವೆ ಕಾಯಿ ವ್ಯಾಪಾರಿ ಎಂಬ ವ್ಯವಸ್ಥೆಯಲ್ಲಿ ಈ ಸಂಬಂಧವನ್ನು ಸ್ಥಾಪಿಸುವುದು ಕಷ್ಟ. ಈ ಕಾರಣದಿಂದ ವಿಮೆಗೆ ಮಹತ್ವ ಬಂದಿದೆ. ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಯೋಜನೆ ಮರವೇರುವವರಿಗೆಂದೇ ರೂಪುಗೊಂಡ ಅಪಘಾತ ವಿಮೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಬ್ಯಾಂಕ್ ಖಾತೆಯುಳ್ಳ 18ರಿಂದ 70 ವರ್ಷದವರಿಗೆ ಅಪಘಾತದ ಸಾವು ಮತ್ತು ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂಪಾಯಿಯ ರಕ್ಷಣೆಯಿದೆ; 2022ರಲ್ಲಿ ಇದರ ವಾರ್ಷಿಕ ಕಂತನ್ನು 20 ರೂಪಾಯಿಗೆ ನಿಗದಿಪಡಿಸಲಾಯಿತು. ಒಂದೆರಡು ತೆಂಗಿನಕಾಯಿಯ ಬೆಲೆಯಷ್ಟಿರುವ ಈ ಕಂತನ್ನು ತೋಟದವರೇ ಕಟ್ಟಿ, ಅದು ಕಟ್ಟಿದೆಯೆಂದು ಖಚಿತಪಡಿಸಿಕೊಂಡ ಮೇಲೆ ಮರ ಹತ್ತಿಸುವುದು ಅಸಾಧ್ಯವಾದ ಆದರ್ಶವಲ್ಲ.

ಕೂಲಿಯ ಪದ್ಧತಿಯೂ ಸುರಕ್ಷತೆಯ ಪ್ರಶ್ನೆಯೇ ಆಗಿದೆ. ಮರದ ಲೆಕ್ಕದಲ್ಲಿ ಕೂಲಿ ಕೊಡುವಲ್ಲಿ ವೇಗಕ್ಕೆ ಹಣವಿದೆ, ಎಚ್ಚರಕ್ಕೆ ಹಣವಿಲ್ಲ. ಬುಡ ನೋಡಲು, ಬಳೆ ಪರೀಕ್ಷಿಸಲು, ಪಟ್ಟಿ ಕಟ್ಟಲು, ದಣಿವಾರಿಸಿಕೊಳ್ಳಲು ತಗಲುವ ಒಂದೊಂದು ನಿಮಿಷವೂ ಏರುವವನ ಜೇಬಿನಿಂದ ಕಳೆಯುತ್ತದೆ. ಒದ್ದೆ ಮರವನ್ನು ಬಿಟ್ಟರೆ ಆ ಮರದ ಕೂಲಿಯೂ ಹೋಗುತ್ತದೆ. ಹೀಗಿರುವಾಗ ಎಚ್ಚರಿಕೆಯ ಉಪದೇಶವನ್ನು ಅವನಿಗೆ ಮಾತ್ರ ಮಾಡುವುದು ನ್ಯಾಯವಲ್ಲ. ಏರಬಾರದೆಂದು ಅವನು ಬಿಟ್ಟ ಮರಕ್ಕೂ ಕೂಲಿಯ ಒಂದು ಭಾಗ ಸಲ್ಲುವಂತಾದರೆ, ‘ಈ ಮರ ಬೇಡ’ ಎನ್ನುವ ಅವನ ಅರಿವು ತೋಟಕ್ಕೂ ಲಾಭ ತರುತ್ತದೆ. ರೋಗದ ಮರ ಮೊದಲು ಕಣ್ಣಿಗೆ ಬೀಳುವುದು ಅವನಿಗೇ.

9. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ತೆಂಗಿನ ಮರವೇರುವ ಕಸುಬು ಕೇವಲ ದೈಹಿಕ ಶ್ರಮವಲ್ಲ. ಸಸ್ಯ, ಹವೆ, ದೇಹ ಮತ್ತು ನುಡಿಯನ್ನು ಒಳಗೊಂಡ ಜ್ಞಾನಶಿಸ್ತು. ಈ ಜ್ಞಾನವು ಬರಹಕ್ಕೆ ಬಾರದೆ ವ್ಯಕ್ತಿಗಳ ದೇಹದಲ್ಲಿಯೇ ಇರುವುದರಿಂದ, ಹಿರಿಯನೊಬ್ಬ ಕಸುಬು ಬಿಟ್ಟಾಗ ಅದರ ಒಂದು ಪಾಲು ಅಳಿಯುತ್ತದೆ. ಯಂತ್ರದ ತರಬೇತಿಯಲ್ಲಿ ಅನುಭವಿಗಳನ್ನು ಬೋಧಕರನ್ನಾಗಿ ಸೇರಿಸಿಕೊಳ್ಳುವುದು ಇದಕ್ಕೆ ಒಂದು ಪರಿಹಾರ. ತಿಪಟೂರು ಬಳಿಯ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿರುವ ಈ ಸೀಮೆಗೆ ಅದು ದೂರದ ಮಾತಲ್ಲ. ಕನ್ನಡ ಅಧ್ಯಯನ ವಿಭಾಗಗಳು ಮೂರು ತಾಲ್ಲೂಕುಗಳ ಕಸುಬಿನ ಪದಗಳನ್ನು ಸಂಗ್ರಹಿಸಿಕೊಟ್ಟರೆ, ತರಬೇತಿಯ ಭಾಷೆ ಅನುವಾದದ ಭಾಷೆಯಾಗದೆ ತೋಟದ ಭಾಷೆಯಾಗಲು ಸಾಧ್ಯ.

ಅರಿವು ಏರುವವನಲ್ಲಿದೆ, ಸಲಕರಣೆ ಮಾರುಕಟ್ಟೆಯಲ್ಲಿದೆ. ಉಳಿದಿರುವುದು ಆಸರೆ. ಕಾಯಿಯ ಲಾಭ ತೋಟದವನಿಂದ ವ್ಯಾಪಾರಿಯವರೆಗೆ ಹಂಚಿಹೋಗುವಾಗ ಬೀಳುವ ಅಪಾಯ ಮಾತ್ರ ಒಬ್ಬನ ಪಾಲಿಗೇ ಉಳಿಯುವುದು ಸಲ್ಲದು. ಅಪಾಯದ ಮರವನ್ನು ಬೇಡವೆಂದು ಹೇಳಿಯೂ ಅಂದಿನ ಅನ್ನವನ್ನು ಕಳೆದುಕೊಳ್ಳದಿರುವ ಸ್ಥಿತಿ ಮರವೇರುವವನಿಗೆ ಒದಗಿದಾಗ ಈ ಸೀಮೆಯ ಕಲ್ಪತರು ಅವನ ಪಾಲಿಗೂ ಕಲ್ಪತರುವಾಗುತ್ತದೆ.